ಖಾಲಿ ಸೈಕಲ್ಲಿನ ಕೂಗು

ಕೂಗಬಾರದಿತ್ತು, ಕೂಗಿಬಿಟ್ಟ. ಕೊಟ್ಟೂರು ಇನ್ನೂ ನಾಲ್ಕು ಮೈಲಿ ಇರುವಾಗ ಹಳ್ಳಿಯೊಂದರ ಅಗಸೆ ಬಾಗಿಲು ಕಂಡದ್ದೇ ತಡ, ದಾವಲ್ ಸಾಬನ ಕೈ ಸೈಕಲ್ಲಿನ ಗಂಟೆ ಬಾರಿಸಿತು, ಬಾಯಿ ತಾನಾಗಿಯೇ "ಮಂಡಕ್ಕೀ..." ಎಂದಿತು. ಇಪ್ಪತ್ತು ವರ್ಷ ಮಂಡಕ್ಕಿ ಮಾರಿದ ಚಾಳಿ, ಪಂದ್ಯ ಗಿಂದ್ಯ ಅದಕ್ಕೇನು ಗೊತ್ತು? ಅವನು ನಾಲಿಗೆ ಕಚ್ಚಿಕೊಳ್ಳುವುದರೊಳಗೆ ನಾಲ್ಕೈದು ಹೆಂಗಸರು ಮೊರದಲ್ಲಿ ಜೋಳ ಹಿಡಿದು ನಡುದಾರಿಗೆ ಬಂದು ನಿಂತಿದ್ದರು. ಆ ಕಡೆ ಕಾಳಿಗೇ ಮಂಡಕ್ಕಿ ಅಳೆಯುವುದು.

ಎಂಬತ್ತನಾಲ್ಕರ ಆಷಾಢ. ಹರಪನಹಳ್ಳಿಯ ಯುವಕ ಸಂಘದವರು ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ, ಒಂದರ ಹಿಂದೊಂದು ಮುಗಿಸುವ ಪಂದ್ಯ ಇಟ್ಟಿದ್ದರು. ಹೊರದೇಶದಲ್ಲಿ ಇದರ ಎರಡರಷ್ಟು ಇರುತ್ತದಂತೆ. ನಮ್ಮ ಹೊಟ್ಟೆಗೆ ಅರ್ಧ ಸಾಕು ಎಂದು ಇಳಿಸಿದ್ದರು. ಆ ಅರ್ಧವೇ ಕೆರೆಯಲ್ಲಿ ಮೈಲಿಗೂ ಮಿಕ್ಕಿ ಈಜು, ಕೊಟ್ಟೂರಿಗೆ ಹೋಗಿ ಬಂದು ಉಚ್ಚಂಗಿದುರ್ಗದ ಬುಡದವರೆಗೆ ಐವತ್ತಾರು ಮೈಲಿ ಸೈಕಲ್, ಅಲ್ಲಿಂದ ಗುಡ್ಡ ಸುತ್ತಿ ಮೇಲಿನ ಕೋಟೆ ಬಾಗಿಲಿಗೆ ಹದಿಮೂರು ಮೈಲಿ ಓಟ. ಹೆಸರು ಕೊಟ್ಟ ಹತ್ತೊಂಬತ್ತು ಮಂದಿಯಲ್ಲಿ ನಲವತ್ತು ದಾಟಿದವನು ದಾವಲನೊಬ್ಬನೇ.

ಅವನಿಗೇನು ಕಪ್ಪಿನ ಆಸೆ ಇರಲಿಲ್ಲ. ಮಂಡಕ್ಕಿ ಭಟ್ಟಿಯ ಸಾವ್ಕಾರ ಜಂಬಣ್ಣ ವಾರದ ಹಿಂದೆ, ನಿನ್ನ ಕಾಲು ಸೋತವು, ಕೊಟ್ಟೂರು ಲೈನಿನ ಹತ್ತು ಹಳ್ಳಿಯ ಮಾರಾಟ ಇನ್ನು ಹುಲುಗಣ್ಣನಿಗೆ, ನೀನು ಭಟ್ಟಿ ಮುಂದೆ ಕೂತು ಅಕ್ಕಿ ಹುರಿ ಎಂದಿದ್ದ. ಭಟ್ಟಿಗೆ ಹೊಸದಾಗಿ ಸೇರಿದ ಹುಲುಗಣ್ಣನಿಗೆ ಇಪ್ಪತ್ತೆರಡು, ಕಬ್ಬಿಣದಂಥ ತೊಡೆ. ಆ ಹತ್ತು ಹಳ್ಳಿ ಕೈಬಿಟ್ಟರೆ ತನ್ನನ್ನು ಹೆಸರು ಹಿಡಿದು ಕರೆಯುವವರು ಯಾರು? ಇಬ್ಬರೂ ಪಂದ್ಯಕ್ಕೆ ಇಳಿಯುತ್ತೇವೆ, ಕೋಟೆ ಬಾಗಿಲು ಮೊದಲು ಮುಟ್ಟಿದವನಿಗೆ ಲೈನು ಎಂದು ದಾವಲ ತಾನೇ ಬಾಯಿ ಹಾಕಿದ. ಜಂಬಣ್ಣ ನಕ್ಕು, ಹೂಂ ಎಂದ.

ಕೆರೆಯೇನೋ ಅವನಿಗೆ ಲೆಕ್ಕಕ್ಕೇ ಬರಲಿಲ್ಲ. ತಂಬ್ರಹಳ್ಳಿಯ ಕಡೆ ಡ್ಯಾಮಿನ ಹಿನ್ನೀರಿನಲ್ಲಿ ಎಮ್ಮೆಯ ಜೊತೆ ಈಜಿ ಬೆಳೆದ ಮೈ. ಎಲ್ಲರಿಗಿಂತ ಮೊದಲು ದಡ ಹತ್ತಿದ. ಆದರೆ ಕೊಟ್ಟೂರಿಗೆ ಹೋಗುವಾಗ ಪಡುವಣ ಗಾಳಿ ಎಲ್ಲರ ಬೆನ್ನಿಗಿತ್ತು, ಎಳೆಯ ಕಾಲಿಗೆ ಅಷ್ಟೇ ಸಾಕು. ಹುಲುಗಣ್ಣ ಸಿಳ್ಳೆ ಹಾಕುತ್ತಾ ಅವನನ್ನು ದಾಟಿ ಹೋದ. ಅದರ ಮೇಲೆ ಈ ಕೂಗು ಬೇರೆ.

"ಚೀಲ ಎಲ್ಲಿ ದಾವಲಣ್ಣಾ?" ಎಂದಳು ಮುಂದೆ ನಿಂತಿದ್ದ ನಾಗಲಿಂಗಮ್ಮ.

"ಇವತ್ತು ತಂದಿಲ್ಲವ್ವ. ದಾರಿ ಬಿಡು, ನಾಳಿ ಬರ್ತೀನಿ."

"ಚೀಲ ಇಲ್ದಾಂವ ಯಾಕ ಕೂಗಿದಿ?" ಎಂದು ಮೊರ ಕೆಳಗಿಳಿಸಿದಳು. ಆಮೇಲೆ ದನಿ ತಗ್ಗಿಸಿ, "ನಾಳಿ ಬರಾಂವ ನೀನೋ, ಆ ಹುಡುಗನೋ?"

ಸುದ್ದಿ ಇಲ್ಲಿಗೂ ಬಂದಿತ್ತು. ಇಳಿದು ನಿಂತಿದ್ದ ದಾವಲ ಮೊರದ ಪಕ್ಕಕ್ಕೆ ಸೈಕಲ್ ಸರಿಸಿದ. ಹಿಂದೆ ಚೀಲ ಇದ್ದೇ ಇರುತ್ತದೆಂಬ ರೂಢಿಯಲ್ಲಿ ಕಾಲನ್ನು ಮುಂದಿನಿಂದಲೇ ದಾಟಿಸಿ ಸೈಕಲ್ ಹತ್ತಿದ. ಹುಲುಗಣ್ಣ ಅಷ್ಟರಲ್ಲಿ ಕಣ್ಣಿಗೇ ಕಾಣದಷ್ಟು ದೂರ ಹೋಗಿದ್ದ.

ಕೊಟ್ಟೂರು ಮುಟ್ಟಿ ಹಿಂದಿರುಗಿದಾಗ ಗಾಳಿ ಎದೆಗೆ ಒದೆಯಿತು. ಹಾದಿಯುದ್ದಕ್ಕೂ ಹುಡುಗರು ಒಬ್ಬೊಬ್ಬರಾಗಿ ಇಳಿದು ಸೈಕಲ್ ತಳ್ಳತೊಡಗಿದ್ದರು. ದಾವಲ ಮಾತ್ರ ಗಲ್ಲ ಹ್ಯಾಂಡಲ್ಲಿಗೆ ತಾಗಿಸಿ ಒಂದೇ ಸಮ ತುಳಿದ. ಮಂಡಕ್ಕಿ ಚೀಲವೆಂದರೆ ತೂಕವಿಲ್ಲ, ಆದರೆ ಆಳೆತ್ತರ. ಗಾಳಿ ಸಿಕ್ಕರೆ ಸವಾರನ ಸಮೇತ ಬದುವಿಗೆ ಎಸೆಯುತ್ತದೆ. ಇಪ್ಪತ್ತು ಆಷಾಢ ಅಂಥ ಎರಡು ಚೀಲ ಕಟ್ಟಿಕೊಂಡು ಇದೇ ದಾರಿ ತುಳಿದವನಿಗೆ ಇವತ್ತು ಬೆನ್ನ ಹಿಂದೆ ಏನೇನೂ ಇಲ್ಲ. ಅಯ್ಯೋ ದೇವರೇ, ಸೈಕಲ್ ಇಷ್ಟು ಹಗುರವೇ ಎಂದು ಅವನಿಗೆ ನಗು ಬಂತು, ನಕ್ಕೂಬಿಟ್ಟ.

ಉಚ್ಚಂಗಿದುರ್ಗದ ದಾರಿಯ ಏರಿನಲ್ಲಿ ಹುಲುಗಣ್ಣ ಸಿಕ್ಕ. ಎದೆ ಸೆಟೆಸಿ ಕೂತು ಗಾಳಿಯ ಜೊತೆ ಗುದ್ದಾಡುತ್ತಿದ್ದ, ಮುಖ ಕೆಂಡವಾಗಿತ್ತು. ಸುಮ್ಮನೆ ದಾಟಿ ಹೋಗಬಹುದಿತ್ತು. ಆದರೆ ಹೊಸಬರಿಗೆ ಲೈನು ಕಲಿಸಿದ ಬಾಯಿ ಸುಮ್ಮನಿರಬೇಕಲ್ಲ.

"ತೆಲಿ ಬಗ್ಗಿಸಲೇ. ಗಾಳಿ ಮ್ಯಾಲೆ ಹೋಗ್ತೈತಿ."

ಹುಲುಗಣ್ಣ ತಲೆ ಬಗ್ಗಿಸಿದ. ಬಗ್ಗಿಸಿದವನು ಬೆನ್ನಿಗೇ ಅಂಟಿಕೊಂಡು ಬಂದ, ಓಟ ಶುರುವಾದದ್ದೇ ಚಿಗರಿಯಂತೆ ಮುಂದೆ ಹಾರಿದ. ನಿನಗೆ ಬುದ್ಧಿ ಐತೇನೋ ಎಂದು ದಾವಲ ತನ್ನನ್ನೇ ಬೈದುಕೊಂಡ. ಓಡಿ ಅಭ್ಯಾಸವಿಲ್ಲದ ಕಾಲು ಹತ್ತು ಮೈಲಿಗೇ ಮರದ ತುಂಡಾಗಿತ್ತು.

ಗುಡ್ಡದ ಬುಡಕ್ಕೆ ಬಂದಾಗ ಏರು ನೋಡಿ ಅವನ ಕೈ ಎರಡೂ ತಾವಾಗಿಯೇ ಮುಂದಕ್ಕೆ ಚಾಚಿದವು. ಏರಿನಲ್ಲಿ ಅವನು ಯಾವತ್ತು ಬರಿಗೈಯಲ್ಲಿ ನಡೆದಿದ್ದ? ಇಲ್ಲದ ಹ್ಯಾಂಡಲ್ ಬಿಗಿಯಾಗಿ ಹಿಡಿದ, ಮೈ ಮುಂದಕ್ಕೆ ಬಗ್ಗಿಸಿದ, ಸೈಕಲ್ ತಳ್ಳುವ ಸಣ್ಣ ಸಣ್ಣ ಹೆಜ್ಜೆ ಹಾಕಿದ. ಕಾಲಿಗೆ ಹಳೆಯ ಗುರುತು ಹತ್ತಿತು. ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದ ಹುಲುಗಣ್ಣನ ಪಕ್ಕದಲ್ಲೇ ಹಾದು, ಎಲ್ಲರಿಗಿಂತ ಮೊದಲು ಕೋಟೆ ಬಾಗಿಲು ದಾಟಿದ.

ಜನ ಕೇಕೆ ಹಾಕಿ ಹೆಗಲಿಗೆ ಎತ್ತಿಕೊಂಡರು. ಆಗಲೂ ಅವನ ಕೈ ಚಾಚಿಕೊಂಡೇ ಇದ್ದವು. ಜಂಬಣ್ಣ ಗುಂಪು ಸರಿಸಿ ಬಂದು, "ಕೈ ಇಳಸೋ ದಾವಲಾ, ಸೈಕಲ್ ಕೆಳಗೈತಿ. ಲೈನು ನಿಂದೇ, ಹೋಗು. ಮತ್ತೇನು ಬೇಕು ಕೇಳು" ಎಂದ.

ದಾವಲ ಉಸಿರು ಕೂಡಿಸಿಕೊಂಡ.

"ನಾಳಿಗೆ ಒಂದು ಚೀಲ ಜಾಸ್ತಿ ಕಟ್ಟಿಸ್ರಿ ಸಾವ್ಕಾರ್ರ. ಇವತ್ತು ಕೂಗಿ ಬಂದೀನಿ."