ಎದುರುಗಡೆ ನಿಂತ ಹೆಂಗಸು

ಆ ಹೆಂಗಸು ಇವತ್ತೂ ಬಂದು ನಿಂತಿದ್ದಳು. ಎದುರಿನ ಬೇಕರಿಯ ಗೋಡೆಗೆ ಬೆನ್ನು ಕೊಟ್ಟು, ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡು, ಇದೇ ಬಾಗಿಲನ್ನು ನೋಡುತ್ತಿದ್ದಳು.

ಒತಿಲಿಯಾ ಪರದೆ ಬಿಟ್ಟು ಹಿಂದೆ ಸರಿದಳು. ಮಗ ದುವಾನ್ ಕ್ಷೌರಕ್ಕೆ ಹೋಗಿದ್ದ. ನಾಳೆ ಬೆಳಿಗ್ಗೆ ಅವನಿಗೆ ಜರ್ಮನಿಯ ವಿಮಾನ. ಅಲ್ಲಿನ ದೊಡ್ಡ ಫುಟ್ಬಾಲ್ ಕ್ಲಬ್ಬೊಂದು ಅವನ ಎಡಗಾಲಿನ ಆಟಕ್ಕೆ ಮರುಳಾಗಿ ಕರೆಸಿಕೊಳ್ಳುತ್ತಿತ್ತು. ಪಾಲ್ಮಿರಾ ಊರಿನ ಆ ಕೇರಿಯಲ್ಲಿ ಹಬ್ಬವೋ ಹಬ್ಬ. ಒತಿಲಿಯಾಗೆ ಮಾತ್ರ, ಪತ್ರಿಕೆಯಲ್ಲಿ ಅವನ ಫೋಟೊ ಬಂದಂದಿನಿಂದ ಅನ್ನ ನೀರು ರುಚಿಸುತ್ತಿರಲಿಲ್ಲ.

"ಏ ಒತಿಲಿಯಾ, ದೇಶ ಬಿಟ್ಟು ಹೋಗೋನು ನಿನ್ನ ಮಗ, ಬಾಗಿಲು ಹಾಕ್ಕೊಂಡು ಅಡಗಿ ಕೂತಿರೋಳು ನೀನು!" ಪಕ್ಕದ ಮನೆಯ ಮಾರ್ಲೆನಿ ಗೋಡೆಯಾಚೆಯಿಂದ ಕೂಗಿದಳು. ಆಮೇಲೆ ದನಿ ತಗ್ಗಿಸಿದಳು. "ಆ ಹೆಂಗಸು ಮತ್ತೆ ಬಂದವಳೆ ಕಣೇ. ಆಟಗಾರರ ಮನೆಯೋರನ್ನ ಎತ್ತಾಕ್ಕೊಂಡು ಹೋಗೋ ಕಾಲ ಇದು. ಪೊಲೀಸಿಗೆ ಫೋನ್ ಮಾಡ್ಲಾ?"

"ಬೇಡ!" ಒತಿಲಿಯಾ ಕಿರುಚಿಬಿಟ್ಟಳು.

ಎತ್ತಿಕೊಂಡು ಹೋಗುವವರ ಭಯ ಅವಳಿಗಿರಲಿಲ್ಲ. ಎತ್ತಿಕೊಂಡು ಬಂದವಳು ತಾನೇ.

ದುವಾನನಿಗೀಗ ಹದಿನೆಂಟು. ಅಷ್ಟೇ ವರ್ಷಗಳ ಹಿಂದೆ ಕೆಬ್ರಾದಾ ಓಂದಾ ಎಂಬ ಊರಿನ ಮೇಲೆ ಗುಡ್ಡ ಜರಿದು ಬಿದ್ದಿತ್ತು. ಬದುಕುಳಿದವರಿಗೆ ಅಡುಗೆ ಮಾಡಲೆಂದು ಅವರನ್ನಿರಿಸಿದ್ದ ಶಾಲೆಗೆ ಹೋದವರಲ್ಲಿ ಒತಿಲಿಯಾ ಒಬ್ಬಳು. ಕೆಸರಿನಿಂದ ಎತ್ತಿದ ಹಸುಗೂಸೊಂದನ್ನು ಯಾರೋ ಅವಳ ಮಡಿಲಿಗೆ ಹಾಕಿದರು. ಅದು ಅವಳ ಬೆರಳನ್ನು ಹಿಡಿದುಕೊಂಡಿತು. ಕೇಳಿಕೊಂಡು ಯಾರಾದರೂ ಬರುತ್ತಾರೇನೋ ಎಂದು ಅವಳು ಕಾಯಬೇಕಿತ್ತು. ಕಾಯಲಿಲ್ಲ. ಸಿಕ್ಕ ಮೊದಲ ಲಾರಿ ಹತ್ತಿ ಬಂದುಬಿಟ್ಟಳು. ಮಗನಿಗೂ ಅದನ್ನು ಹೇಳಿರಲಿಲ್ಲ.

ಬಾಗಿಲು ತಟ್ಟಿದ ಸದ್ದು.

ಮಗ ಬರುವುದರೊಳಗೆ ಇದು ಮುಗಿಯಬೇಕು. ಒತಿಲಿಯಾ ಬಾಗಿಲನ್ನು ಅರ್ಧ ತೆರೆದಳು. ಹೆಂಗಸಿಗೆ ತನ್ನಷ್ಟೇ ವಯಸ್ಸು. ಮೈಯಿಂದ ಕರ್ಪೂರದೆಣ್ಣೆಯ ವಾಸನೆ. ಹೆಬ್ಬೆರಳುಗಳು ಗಂಡಸಿನವುಗಳಂತೆ ದಪ್ಪ, ಗಟ್ಟಿ.

"ನನ್ನ ಹೆಸರು ನೂರಿಸ್, ಅಕ್ಕಾ. ಕೆಬ್ರಾದಾ ಓಂದಾದವಳು."

ಒತಿಲಿಯಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಯಾವೂರೋ ನಂಗೊತ್ತಿಲ್ಲಮ್ಮ."

"ಒಳಗೆ ಏನೋ ಸುಡ್ತಿದೆ, ಅಕ್ಕಾ."

ದುವಾನನ ಪ್ರಯಾಣದ ಅಂಗಿ! ಒತಿಲಿಯಾ ಕದಲಲಾರದೆ ನಿಂತಳು. ನೂರಿಸಳೇ ಒಳಗೆ ನುಗ್ಗಿ ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. ಅಂಗಿಯ ಕಮರಿದ ತೋಳನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಳು. ಅಂಗಿಯನ್ನು ಕಿತ್ತುಕೊಳ್ಳಬೇಕೆನ್ನಿಸಿತು ಒತಿಲಿಯಾಗೆ.

"ಪೇಪರಲ್ಲಿ ನಿನ್ನ ಮಗನ ಫೋಟೊ ನೋಡ್ದೆ. ನಮ್ಮ ಕಡೆಯೋರ ಮುಖ ಅನ್ನಿಸ್ತು. ನಾನು ತಿಂಗಳುಗಟ್ಟಲೆ ಆಸ್ಪತ್ರೇಲಿದ್ದೆ. ಎದ್ದು ಬಂದು ವಿಚಾರಿಸಿದ್ರೆ, ನನ್ನ ಕೂಸನ್ನ ಅಡುಗೆಗೆ ಬಂದ ಹೆಂಗಸೊಬ್ಬಳು ಕರ್ಕೊಂಡು ಹೋದ್ಲು ಅಂದ್ರು."

"ನನ್ನ ಹೊಟ್ಟೇಲಿ ಹುಟ್ಟಿದ ಮಗ ಅವನು." ಹೇಳಿದ ಸುಳ್ಳು ಒತಿಲಿಯಾಳ ಕಿವಿಗೇ ಟೊಳ್ಳಾಗಿ ಕೇಳಿಸಿತು. ಈಗ ಇವಳು ಕೂಗುತ್ತಾಳೆ. ಕೇರಿ ಸೇರುತ್ತದೆ, ಪೊಲೀಸರು ಬರುತ್ತಾರೆ. ವಿಮಾನ ಹಾರಿಹೋಗುತ್ತದೆ, ಮಗ ಇಲ್ಲೇ ಉಳಿಯುತ್ತಾನೆ. ಉಳಿದು ತನ್ನ ಮುಖ ನೋಡುತ್ತಾನೆ, ಯಾರೋ ಎಂಬಂತೆ.

ನೂರಿಸ್ ಅವಳ ಮುಖ ನೋಡಿ, ಹಿಡಿದಿದ್ದ ಅಂಗಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಒಂದೇ ಒಂದು ಕೇಳ್ತೀನಿ ಅಕ್ಕಾ. ನನ್ನ ಕೂಸಿಗೆ ಎಡಗಾಲಲ್ಲಿ ಆರು ಬೆರಳಿತ್ತು. ನಿನ್ನ ಮಗನಿಗೆ?"

"ಐದು!" ಮಾತು ಚೀರಾಗಿ ಹೊರಬಿತ್ತು. "ಐದೇ ಐದು! ದೇವರಾಣೆ! ಬೇಕಾದ್ರೆ ಕೂತ್ಕೊ, ಬರ್ತಾನೆ, ನೀನೇ ನೋಡು!"

"ಬೇಡ ಬಿಡು. ಹಾಗಾದ್ರೆ ನನ್ನವನಲ್ಲ."

ಒತಿಲಿಯಾ ಕುರ್ಚಿಗೆ ಕುಸಿದು ಬಿಕ್ಕಿದಳು. ಹದಿನೆಂಟು ವರ್ಷ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿಹೋಗಿತ್ತು. ಹಾಗಾದರೆ ಎದುರಿಗಿರುವವಳ ಮಗು ಮಣ್ಣಲ್ಲೇ ಹೋಯಿತಲ್ಲ, ತನಗೆ ಹೀಗೆ ಹಿಗ್ಗಬಹುದೇ ಎಂದು ನಾಚಿಕೆಯಾಯಿತು. ಎದ್ದು ಬಿಸಿ ಬೆಲ್ಲದ ನೀರು ಮಾಡಿಕೊಟ್ಟಳು, ಜೊತೆಗೆ ಚೀಸ್ ಹಾಕಿದ ರೊಟ್ಟಿ.

ನೂರಿಸ್ ತಿನ್ನಲಿಲ್ಲ. "ಚಿಕ್ಕಂದಿನ ಫೋಟೊ ಇದ್ರೆ ತೋರಿಸ್ತೀಯಾ? ಸುಮ್ನೆ, ಆಸೆಗೆ."

ಈಗ ತೋರಿಸಲು ಭಯವೇನು? ಹಲ್ಲು ಬಿದ್ದ ದುವಾನ್, ಸೀತಾಳೆ ಸಿಡುಬೆದ್ದ ದುವಾನ್, ಬಿಳಿ ಅಂಗಿ ತೊಟ್ಟು ಚರ್ಚಿನ ಮೆಟ್ಟಿಲ ಮೇಲೆ ನಿಂತ ದುವಾನ್. ನೂರಿಸ್ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ನೋಡಿದ್ದನ್ನೇ ಮತ್ತೆ ನೋಡಿದಳು.

"ಚೆನ್ನಾಗಿ ಬೆಳೆಸಿದ್ದೀಯ ಅಕ್ಕಾ." ಏಳುತ್ತ ಅಂದಳು, "ಚಳಿ ದೇಶವಂತೆ. ಎಡ ಮಂಡಿಗೆ ಉಣ್ಣೆ ಬಟ್ಟೆ ಸುತ್ಕೊಳ್ಳೋಕೆ ಹೇಳು."

ಮಂಡಿಗೇನಾಗಿದೆ ಎಂದು ಒತಿಲಿಯಾ ಕೇಳಲಿಲ್ಲ. ಮಕ್ಕಳನ್ನು ಕಳೆದುಕೊಂಡವರು ಎಲ್ಲರ ಮಕ್ಕಳಿಗೂ ಬುದ್ಧಿ ಹೇಳುತ್ತಾರೆ. ಬಾಗಿಲ ತನಕ ಹೋಗಿ, ಅಪ್ಪಿಕೊಂಡು, ಬೀಳ್ಕೊಟ್ಟು ಬಂದಳು. ಆಮೇಲೆ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದಳು.

ಸ್ವಲ್ಪ ಹೊತ್ತಿಗೆ ದುವಾನ್ ಬಂದ. ಹೊಸ ಕ್ಷೌರ, ಕುತ್ತಿಗೆಗೆ ಪೌಡರು.

"ಅಮ್ಮಾ, ನೂರಿಸಮ್ಮ ಯಾಕೆ ಬಂದಿದ್ರು? ತಿರುವಲ್ಲಿ ಸಿಕ್ರು. ಅಳ್ತಾ ಇದ್ರು."

"ಯಾರನ್ನೋ ಹುಡುಕ್ಕೊಂಡು ಬಂದಿದ್ಲು ಪಾಪ." ಒತಿಲಿಯಾ ನಗುತ್ತ ಅಂಗಿ ಮಡಿಸುತ್ತಿದ್ದವಳು ಕೈ ನಿಲ್ಲಿಸಿದಳು. "ನಿನಗೆ ಅವಳ ಹೆಸರು ಹೇಗೋ ಗೊತ್ತು?"

ದುವಾನ್ ತಪ್ಪು ಮಾಡಿದವನಂತೆ ತಲೆ ಕೆರೆದುಕೊಂಡ.

"ಮಂಡಿ ನೋವಿನ ವಿಷಯ ಕೇಳಿದ್ರೆ ನೀನು ಹೆದರ್ತೀಯ ಅಂತ ಹೇಳಿರ್ಲಿಲ್ಲಮ್ಮ. ಮೈದಾನದ ಗೇಟಲ್ಲಿ ಕೂತು ಮೂರು ವರ್ಷದಿಂದ ನನ್ನ ಕಾಲು ನೀವಿಕೊಡ್ತಿರೋರು ಅವರೇ — ಮಂಡಿಯಿಂದ ಹಿಡಿದು ಒಂದೊಂದು ಬೆರಳಿನ ತುದಿತನಕ."