ಹತ್ತಿರದ ಕಚೇರಿ

ಮಗಳು ಬಾಗಿಲು ತಳ್ಳಿದ ಸದ್ದಿಗೆ ಅಪ್ಪ ಕೈಯಲ್ಲಿದ್ದ ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಸೇರಿಸಿದ. ಆಮೇಲೆ, ಏನೂ ಆಗಿಲ್ಲವೆಂಬಂತೆ, ಮೇಜಿನ ಮೇಲಿದ್ದ ಅವಳ ಎರಡು ಪತ್ರಗಳನ್ನು ಅಂಚಿಗೆ ಅಂಚು ಕೂಡಿಸಿಟ್ಟ.

"ಯಾವುದಕ್ಕೆ ಹೂಂ ಅಂದೆ?"

"ಇನ್ನೂ ಇಲ್ಲಪ್ಪ. ನಾಳೆ ಸಂಜೆವರೆಗೂ ಟೈಮ್ ಇದೆ."

"ದೂರದ್ದಕ್ಕೇ ಹೋಗು."

ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು.

ಎರಡೂ ಪತ್ರ ಒಂದೇ ಸಲಹಾ ಸಂಸ್ಥೆಯವು. ನಷ್ಟದಲ್ಲಿರುವ ಕಂಪನಿಗಳಿಗೆ ದಾರಿ ತೋರಿಸುವುದು ಅದರ ಕಸುಬು. ಒಂದು ಕಚೇರಿ ಮನೆಯಿಂದ ಒಂದು ಗಂಟೆಯ ಬಸ್ ದಾರಿ. ಇನ್ನೊಂದು ಸಮುದ್ರದಾಚೆಯ ಬಂದರು ನಗರದಲ್ಲಿ. ಹೋದರೆ ವರ್ಷಕ್ಕೊಮ್ಮೆ ಮುಖ ನೋಡುವ ಮಾತು. ಎರಡು ವರ್ಷ ದುಡಿದು ಬಾ ಎಂದು ಬಿಸಿನೆಸ್ ಸ್ಕೂಲಿನವರು ಅವಳ ಸೀಟನ್ನು ಕಾದಿರಿಸಿದ್ದರು. ಪತ್ರ ಬಂದ ದಿನ, "ಹತ್ತಿರದ್ದೇ ಇರಲಿ, ಊಟಕ್ಕೆ ಮನೆಗೆ ಬರ್ತೀಯ" ಎಂದು ಹಟ ಹಿಡಿದವನು ಇದೇ ಅಪ್ಪ.

ನಾಲ್ಕು ದಿನದಿಂದ ಅವನ ಮಾತು ತಿರುಗಿತ್ತು. ಮಾತಷ್ಟೇ ಅಲ್ಲ. ಅಪ್ಪ ತಗಡಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಫಿಟ್ಟರ್. ಉಗುರಿನ ಸಂದಿಯ ಗ್ರೀಸ್ ಯಾವ ಸೋಪಿಗೂ ಬಗ್ಗಿದ್ದಿಲ್ಲ. "ನಿಮ್ಮ ಕೈ ತಾಗಿದ್ರೆ ಸಾಕು, ಬಾಗಿಲ ಕೀಲು ಕಿರ್ರನ್ನೋದು ನಿಲ್ಲುತ್ತೆ" ಎಂದು ಅಮ್ಮ ರೇಗಿಸುತ್ತಿದ್ದಳು. ಈಗ ಆ ಕೈ ಶುಭ್ರ. ಅದೇ ಬಸ್ಸಿಗೆ ಹೋಗುತ್ತಿದ್ದ, ಅದೇ ಬಸ್ಸಿಗೆ ಬರುತ್ತಿದ್ದ, ಬುತ್ತಿ ಅರ್ಧಕ್ಕರ್ಧ ಹಾಗೇ ಇರುತ್ತಿತ್ತು. ಮೊನ್ನೆ ತನ್ನ ಸ್ಪ್ಯಾನರ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು ಮಂಚದ ಕೆಳಗೆ ತಳ್ಳಿದ್ದ.

ಕಾರ್ಖಾನೆಗೆ ಹೋಗದ ಮನುಷ್ಯ ಹಗಲೆಲ್ಲ ಎಲ್ಲಿರುತ್ತಾನೆ? ಮಗಳಿಗೆ ಹೊಳೆದದ್ದು ಒಂದೇ ಜಾಗ. ಆಸ್ಪತ್ರೆ.

ಆ ಎರಡು ಪತ್ರಗಳನ್ನು ಗೆದ್ದುಕೊಟ್ಟದ್ದೂ ಅಪ್ಪನೇ. ಸಂದರ್ಶನಕ್ಕೆ ಮೊದಲು ಸಂಸ್ಥೆಯವರು ಎಲ್ಲರಿಗೂ ಒಂದು ಸಮಸ್ಯೆ ಕೊಟ್ಟು, ಮನೆಯಲ್ಲೇ ಕುಳಿತು ಟಿಪ್ಪಣಿ ಬರೆಯಲು ಒಂದು ವಾರ ಬಿಟ್ಟಿದ್ದರು. ಹೆಸರಿಲ್ಲದ ಒಂದು ಬಾಟಲಿ ಕಂಪನಿ. ಮೂರು ಘಟಕ. ಮೂರನೆಯದರಲ್ಲಿ ಬರೀ ನಷ್ಟ. ಏನು ಮಾಡಬೇಕು? ಉತ್ತರ ಅಂಕಿಗಳಲ್ಲೇ ಇತ್ತು: ಮೂರನೆಯದನ್ನು ಮುಚ್ಚುವುದು. ಬರೆಯಲು ಅವಳಿಗೆ ಕೈ ಬರಲಿಲ್ಲ. ಅಪ್ಪ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕೂತಿದ್ದ.

"ಇದರ ಯಂತ್ರ ನಮ್ಮದರಷ್ಟೇ ಹಳೇದು. ಆದ್ರೆ ನಮ್ಮದಕ್ಕೆ ನಾನಿದ್ದೀನಿ. ಪಾಪ, ಇದಕ್ಕೆ ದಿಕ್ಕಿಲ್ಲ."

"ತಮಾಷೆ ಬೇಡಪ್ಪ. ಮುನ್ನೂರು ಜನ ಇದ್ದಾರೆ ಅಲ್ಲಿ."

"ಕಾಗದದ ಮೇಲಿನ ಜನ ಕಣೇ, ಅವರಿಗೇನು ಹಸಿವೆಯೇ? ಬರ್ಕೋ. ಸವೆದ ಚಕ್ರಾನ ಬಿಚ್ಚದಿದ್ರೆ ಅದು ಪಕ್ಕದ ಚಕ್ರದ ಹಲ್ಲನ್ನೂ ತಿನ್ನುತ್ತೆ."

ಅವಳು ಹಾಗೆಯೇ ಬರೆದಳು. ಸಂದರ್ಶನದಲ್ಲಿ ಆ ವಾಕ್ಯವನ್ನು ಗಟ್ಟಿಯಾಗಿ ಓದಿ ಮೆಚ್ಚಿದರು. ಹತ್ತಿರದ ಕಚೇರಿಯ ಪತ್ರದ ಕೊನೆಯಲ್ಲಿ ಇನ್ನೂ ಒಂದು ಸಾಲಿತ್ತು: ನಿಮ್ಮ ಟಿಪ್ಪಣಿ ನಮ್ಮ ಗ್ರಾಹಕ ಕಂಪನಿಯೊಂದಕ್ಕೂ ಹಿಡಿಸಿದೆ, ನಿಮ್ಮ ಮೊದಲ ಕೆಲಸ ಅವರೊಂದಿಗೇ. ಅಪ್ಪ ಆ ಪತ್ರವನ್ನು ಕಾರ್ಖಾನೆಯಲ್ಲಿ ಕೈಯಿಂದ ಕೈಗೆ ದಾಟಿಸಿ ಬಂದಿದ್ದ. ಅವನ ಜೊತೆಗಾರರು ಸೇರಿ ಅವಳಿಗೊಂದು ಚರ್ಮದ ಚೀಲ ಕಳಿಸಿದರು. ಪ್ಯಾಕಿಂಗ್ ಮಾಡುವ ಹೆಂಗಸೊಬ್ಬಳು, ಬಸ್ ಪಾಸ್ ಕಳೆಯದಿರಲಿ ಎಂದು, ಅದರೊಳಗೆ ಪುಟ್ಟ ಜೇಬನ್ನು ಕೈಯಲ್ಲೇ ಹೊಲಿದಿದ್ದಳು.

"ಅಪ್ಪಾ, ಜೇಬಲ್ಲಿ ಏನದು?"

"ಹಳೇ ಚೀಟಿ."

"ಡಾಕ್ಟರ್ ಹತ್ರ ಹೋಗಿದ್ಯಾ?"

"ನನಗೇನು ಧಾಡಿ? ಗುಂಡುಕಲ್ಲಿನ ಹಾಗಿದ್ದೀನಿ." ನಕ್ಕ. ನಗು ಕೆನ್ನೆಯವರೆಗೂ ಬರಲಿಲ್ಲ. "ಹತ್ತಿರ ಇದ್ದು ನೋಡೋದು ಕಷ್ಟ ಮಗಳೇ. ದೂರದಲ್ಲಿದ್ರೆ ನಿನಗೆ ಗೊತ್ತೂ ಆಗಲ್ಲ. ನನ್ನ ಮಾತು ಕೇಳು."

ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಹತ್ತಿರದ ಕಚೇರಿಗೆ ಒಪ್ಪಿಗೆ ಕಳಿಸಿದಳು. ದೂರದ್ದಕ್ಕೆ ಕ್ಷಮೆ ಕೋರಿದಳು. ಸಾಯುವ ಅಪ್ಪನನ್ನು ಬಿಟ್ಟು ಹೋಗುವವಳಲ್ಲ ಅವಳು.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಸೋಮವಾರ ಗ್ರಾಹಕರ ಘಟಕದಲ್ಲಿ ಕೆಲಸಗಾರರ ಸಭೆ. ನಿಮ್ಮ ಟಿಪ್ಪಣಿಯನ್ನು ಅವರಿಗೆ ನೀವೇ ವಿವರಿಸಬೇಕು. ವಿಳಾಸವನ್ನು ನಾಳೆ ತಿಳಿಸುತ್ತೇವೆ.

ಅವಳು ಚರ್ಮದ ಚೀಲವನ್ನು ಒರೆಸಿ ಗೂಟಕ್ಕೆ ತೂಗುಹಾಕಿದಳು.

ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದ. ಅಮ್ಮ ಅವನ ನಿನ್ನೆಯ ಅಂಗಿಯನ್ನು ಮಗಳ ತೋಳಿನ ಮೇಲೆ ಹಾಕಿದಳು.

"ಜೇಬು ನೋಡಿ ನೆನೆಹಾಕೇ. ಮೊನ್ನೆ ಬಸ್ ಟಿಕೆಟ್ಟು ಮುದ್ದೆಯಾಗಿ ಬಟ್ಟೆಗೆಲ್ಲ ಮೆತ್ತಿಕೊಂಡಿತ್ತು."

ಅವಳು ಕಾಗದದ ನಾಲ್ಕು ಮಡಿಕೆ ಬಿಚ್ಚಿದಳು. ಆಸ್ಪತ್ರೆಯ ಮೊಹರನ್ನು ಹುಡುಕಿದಳು. ಇದ್ದದ್ದು ಡಬ್ಬಿ ಕಾರ್ಖಾನೆಯ ಮೊಹರು.

ಕಂಪನಿಯ ಮೂರು ಘಟಕಗಳಲ್ಲಿ ಈ ಘಟಕವನ್ನು ಮುಚ್ಚಲು ತೀರ್ಮಾನಿಸಲಾಗಿದೆ. ಯಂತ್ರಗಳನ್ನು ಇಂದಿನಿಂದಲೇ ನಿಲ್ಲಿಸಲಾಗುವುದು. ಕೆಲಸಗಾರರು ಲೆಕ್ಕ ಚುಕ್ತಾ ಆಗುವವರೆಗೆ ಬಂದು ಹಾಜರಿ ಹಾಕತಕ್ಕದ್ದು. ಸಲಹಾ ಸಂಸ್ಥೆಯವರು ಸೋಮವಾರ ಖುದ್ದಾಗಿ ಬಂದು ವಿವರಿಸುವರು. ಕಾರಣವನ್ನು ಅವರ ಮಾತಿನಲ್ಲೇ ಹೇಳುವುದಾದರೆ:

ಸವೆದ ಚಕ್ರವನ್ನು ಬಿಚ್ಚದಿದ್ದರೆ ಅದು ಪಕ್ಕದ ಚಕ್ರದ ಹಲ್ಲನ್ನೂ ತಿನ್ನುತ್ತದೆ.