ನೆಲ ಡೊಂಕು

“ನೋಡಿ ಸ್ವಾಮಿ, ಇದು ಎಲ್ಲಿ ಅಲುಗುತ್ತೆ?” ಬಡಗಿ ಸ್ಟೂಲಿನ ಮೇಲೆ ಎರಡೂ ಅಂಗೈ ಊರಿ, ಹೆಂಡತಿ ಹಿಡಿದಿದ್ದ ಫೋನಿಗೆ ಹೇಳಿದ. ದನಿಯಲ್ಲಿ ಕಸುವಿರಲಿಲ್ಲ. ಕಿಟಕಿಯ ಕೆಳಗೆ, ದಿನವೂ ಕಾಲು ಸಮ ಮಾಡುವ ಜಾಗದಲ್ಲಿ, ಸ್ಟೂಲು ಬಂಡೆಯಂತೆ ನಿಂತಿತ್ತು. ಆನ್‌ಲೈನಿನಲ್ಲಿ ಮಾರಿದ ಸ್ಟೂಲು ವಾಪಸ್ ಬಂದಾಗಲೆಲ್ಲ ಅವನು ಇಲ್ಲೇ ವಿಡಿಯೊ ಮಾಡಿ ಕಂಪನಿಗೆ ಕಳಿಸುತ್ತಿದ್ದ. ಅವರು ಒಮ್ಮೆಯೂ ಒಪ್ಪಿರಲಿಲ್ಲ. ‘ಅಲುಗುತ್ತದೆ’ ಎಂಬ ಚೀಟಿ ಹೊತ್ತ ಸ್ಟೂಲುಗಳು ಗೋಡೆಯ ಬಳಿ ಒಂದರ ಮೇಲೊಂದು ಏರುತ್ತಿದ್ದವು.

“ಅವರ ಮನೆ ನೆಲ ಡೊಂಕು, ಬೈಗುಳ ಮಾತ್ರ ನನಗೆ.”

“ಎಲ್ಲರ ಮನೆ ನೆಲಾನೂ ಡೊಂಕೇನ್ರೀ? ಕುಣೀಲಾರದವಳ ಕಥೆ ಆಯ್ತು ನಿಮ್ದು.” ಹೆಂಡತಿ ವಿಡಿಯೊ ಕಳಿಸಿ, ಅದೇ ಸ್ಟೂಲನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಉಸ್ಸಪ್ಪಾ ಎಂದು ಕೂತಳು.

ಟಕ್.

ಇಬ್ಬರೂ ಮುಖ ಮುಖ ನೋಡಿಕೊಂಡರು. ಅವನು ಗೋಡೆಯ ಬಳಿಯಿಂದ ಇನ್ನೊಂದು ಸ್ಟೂಲು ತಂದು ಅವಳ ಪಕ್ಕದಲ್ಲಿಟ್ಟು ಒತ್ತಿದ. ಟಕ್. ಮತ್ತೊಂದು ತರುವ ಧೈರ್ಯವಾಗಲಿಲ್ಲ. ಕಿಟಕಿಯ ಕೆಳಗೆ ಮಂಡಿಯೂರಿ, ಮರದ ಹೊಟ್ಟು ಸರಿಸಿ, ನೆಲದ ಮೇಲೆ ಅಂಗೈ ಆಡಿಸಿದ. ಹಾಸುಗಲ್ಲಿನ ಒಂದು ಮೂಲೆ ಕುಸಿದಿತ್ತು. ಆ ತಗ್ಗಿಗೆ ಹೊಂದುವಂತೆ ಅವನು ಪ್ರತಿ ಸ್ಟೂಲಿನ ಒಂದು ಕಾಲನ್ನು ತುಸು ಉದ್ದ ಬಿಡುತ್ತಲೇ ಬಂದಿದ್ದ.

ಅಷ್ಟರಲ್ಲಿ ಫೋನು ಸದ್ದು ಮಾಡಿತು. ಹೆಂಡತಿ ನಿಧಾನವಾಗಿ ಓದಿದಳು: “‘ನಿಮ್ಮ ವಿಡಿಯೊ ಪರಿಶೀಲಿಸಿದ್ದೇವೆ. ಸ್ಟೂಲಿನಲ್ಲಿ ಯಾವ ದೋಷವೂ ಇಲ್ಲ.’ ಅಂತೂ ಗೆದ್ರಿ ಕಣ್ರೀ.”

ಟಕ್ ಎಂದಿತು, ಅವಳು ಕೂತಿದ್ದ ಸ್ಟೂಲು.